ಬಾಳೆಗೆ ಹಾಕಿದ ಹೊಲಿಗೆ

ನಮ್ಮ ಅಂಗಡಿಯ ಹಿತ್ತಲಲ್ಲಿ ನಿಂತಿರುವ ಬಾಳೆಗಿಡದ ನೆರಳು ಈಗ ಮೂರು ಬೀದಿ ದಾಟಿ ಬಸ್ ನಿಲ್ದಾಣದವರೆಗೂ ಬೀಳುತ್ತದೆ. ಅಲ್ಲಿ ಬಸ್ಸಿಗೆ ಕಾಯುವವರು ಮೋಡ ಕವಿಯಿತೆಂದು ಕೊಡೆ ಬಿಚ್ಚುತ್ತಾರೆ. ಇದನ್ನು ನಾನು ಯಾರಿಗಾದರೂ ಹೇಳುತ್ತಿದ್ದರೆ ನನ್ನ ಹೆಂಡತಿ ಕೈಯಲ್ಲಿರುವ ಬಟ್ಟೆಯಿಂದ ತಲೆ ಎತ್ತದೆಯೇ, "ಎರಡು ಬೀದಿ ಕಮ್ಮಿ ಮಾಡಿ" ಎನ್ನುತ್ತಾಳೆ. ಉಳಿದ ಒಂದು ಬೀದಿಯನ್ನು ಅವಳೂ ಒಪ್ಪಿಕೊಂಡಿದ್ದಾಳೆ ಎಂಬುದನ್ನು ನೀವು ಗಮನಿಸಬೇಕು.

ನಾನು ದರ್ಜಿ. ನನ್ನಷ್ಟು ಸೊಗಸಾಗಿ ಕಾಲರ್ ಕೂರಿಸುವವನು ಈ ಭೂಮಿಯ ಮೇಲೆ ಇನ್ನೊಬ್ಬ ಹುಟ್ಟಿಲ್ಲ. ಹುಟ್ಟಿದ್ದರೂ ಅವನಿನ್ನೂ ತೊಟ್ಟಿಲಲ್ಲಿ ಕಾಲು ಬಡಿಯುತ್ತಿರಬೇಕು. ಆದರೆ ಗಿಡಗಳ ವಿಷಯಕ್ಕೆ ಬಂದರೆ, ಹೋದ ವರ್ಷದವರೆಗೆ ನನಗೆ ಗೊತ್ತಿದ್ದ ಹಸಿರೆಂದರೆ ಶಾಲೆಯ ಯೂನಿಫಾರ್ಮಿನ ಹಸಿರು ಮಾತ್ರ.

ನಮ್ಮದು ಒಂದೇ ಕೋಣೆಯ ಅಂಗಡಿ. ಮುಂದೆ ಬೀದಿ, ಹಿಂದೆ ಒಂದು ಬಾಗಿಲು, ಬಾಗಿಲಾಚೆ ಹಿತ್ತಲು. ಹಿತ್ತಲೆಂದರೆ ಹತ್ತಡಿ ಅಗಲ, ಹದಿನಾಲ್ಕಡಿ ಉದ್ದದ ಬರೀ ಮಣ್ಣು. ಸುತ್ತ ಮೊಳಕಾಲೆತ್ತರದ ಗೋಡೆ, ಒಂದು ಮೂಲೆಯಲ್ಲಿ ಮಹಡಿಗೆ ಹೋಗುವ ಮೆಟ್ಟಿಲು. ಅಲ್ಲಿ ಒಂದು ಸ್ಟೂಲ್ ಹಾಕಿಕೊಂಡು ನನ್ನ ಹೆಂಡತಿ ಕಾಜಾ ಹೊಲಿಯುತ್ತಾಳೆ, ಗುಂಡಿ ಕೂರಿಸುತ್ತಾಳೆ. ಇದಕ್ಕೆ ಮೊದಲು ನಾವಿದ್ದ ಅಂಗಡಿಗೆ ಕಿಟಕಿಯೇ ಇರಲಿಲ್ಲ. ಹನ್ನೊಂದು ವರ್ಷ ಟ್ಯೂಬ್‌ಲೈಟಿನ ಕೆಳಗೆ ಕಪ್ಪು ಬಟ್ಟೆಗೆ ಕಪ್ಪು ದಾರದಲ್ಲಿ ಕಾಜಾ ಹೊಲಿದು ಅವಳ ಕಣ್ಣಲ್ಲಿ ಸದಾ ನೀರು ಸುರಿಯುತ್ತಿತ್ತು. ಈ ಹಿತ್ತಲಿಗೆ ಬಂದು ಹಗಲು ಬೆಳಕಿನಲ್ಲಿ, ತಂಪು ಮಣ್ಣಿನ ಮೇಲೆ ಬರಿಗಾಲು ಊರಿಕೊಂಡು ಕೂತ ಮೇಲೆ ಆ ನೀರು ನಿಂತಿತು. "ಇಲ್ಲಿ ಕೂತ್ರೆ ಅರ್ಧ ಕೆಲಸ ತಾನೇ ಆಗುತ್ತೆ" ಎನ್ನುತ್ತಾಳೆ. ಅವಳು ಯಾವುದನ್ನೂ ದೊಡ್ಡದು ಮಾಡಿ ಹೇಳುವವಳಲ್ಲ. ಮನೆಯಲ್ಲಿ ಆ ಖಾತೆ ನನ್ನದು.

ಕಟ್ಟಡದ ಮಾಲೀಕರಿಗೆ ಬೀದಿಯವರು ಇಟ್ಟ ಹೆಸರು ಸಿಮೆಂಟಜ್ಜ. ನಲವತ್ತು ವರ್ಷ ಗಾರೆ ಕೆಲಸ ಮಾಡಿದ ಕೈ. ಬರಿ ಮಣ್ಣು ಕಂಡರೆ ತುರಿಸುತ್ತದೆ. ಎದುರಿನ ಸಾಲಿನಲ್ಲಿರುವ ಅವರ ಮನೆಗೆ ಮುಂದೂ ಸಿಮೆಂಟು, ಹಿಂದೂ ಸಿಮೆಂಟು. ಗೂಡು ಕಟ್ಟಲು ಜಾಗ ಸಿಗದೆ ಆ ಮನೆಯ ಇರುವೆಗಳೆಲ್ಲ ಗಂಟುಮೂಟೆ ಕಟ್ಟಿಕೊಂಡು ನಮ್ಮ ಅಂಗಡಿಗೆ ಬಂದು ಸೇರಿವೆ.

ಅಂಥ ಅಜ್ಜ ಒಂದು ಬೆಳಿಗ್ಗೆ ಟೇಪು ಹಿಡಿದುಕೊಂಡು ನಮ್ಮ ಹಿತ್ತಲಿಗೆ ಬಂದರು. ಅತ್ತ ಅಳೆದರು, ಇತ್ತ ಅಳೆದರು.

"ಎರಡು ಮೂಟೆ ಸಾಕು. ಒಂದು ದಿನದ ಕೆಲಸ. ಕನ್ನಡಿ ಥರ ಮಾಡ್ಕೊಡ್ತೀನಿ, ನೋಡ್ಕೊಂಡು ತಲೆ ಬಾಚ್ಕೋಬಹುದು."

"ಮಣ್ಣೇ ಇರ್ಲಿ ಅಜ್ಜಾ," ಎಂದಳು ನನ್ನ ಹೆಂಡತಿ. "ತಂಪಾಗಿದೆ."

"ಏನ್ ತಂಪಮ್ಮಾ. ಕಳೆ ಬರುತ್ತೆ, ಹುಳ ಬರುತ್ತೆ. ಸುಮ್ನೆ ಬಿದ್ದಿರೋ ಮಣ್ಣು ಕಂಡ್ರೆ ನಂಗಾಗಲ್ಲ."

ಅವಳು ದಾರ ಪೋಣಿಸಲು ಹೋದಳು. ದಾರ ಮೂರು ಸಲ ಸೂಜಿಯ ಕಣ್ಣು ತಪ್ಪಿತು. ಕಣ್ಣು ಮುಚ್ಚಿಕೊಂಡೇ ದಾರ ಪೋಣಿಸುವವಳು ಅವಳು. ಅದನ್ನು ನೋಡಿದ್ದೇ ತಡ, ನನ್ನ ಬಾಯಿ ನನ್ನನ್ನು ಕೇಳದೆಯೇ ತೆರೆದುಕೊಂಡಿತು.

"ಸುಮ್ನೆ ಎಲ್ಲಿ ಬಿದ್ದಿದೆ ಅಜ್ಜಾ? ಇಲ್ಲಿ ಬಾಳೆ ಬರ್ತಾ ಇದೆಯಲ್ಲ."

ಅಜ್ಜ ನೆಲ ನೋಡಿದರು. "ಎಲ್ಲಿ?"

"ಬರೋ ದಾರೀಲಿದೆ."

"ನೀನು? ಬಾಳೆ ಬೆಳೀತೀಯಾ?"

"ಬೆಳೀತೀಯಾ ಅಂದ್ರೆ? ಬಾಳೆಗೆ ಬೆಳೆಯೋದು ಹೇಗೆ ಅಂತ ಹೇಳ್ಕೊಟ್ಟಿದ್ದೇ ನಮ್ಮ ವಂಶದವರು. ಒಂದು ವರ್ಷ ಬಿಟ್ಟು ಬನ್ನಿ. ಇಬ್ಬರು ಹೊರೋವಂಥ ಗೊನೆ ತೋರಿಸ್ತೀನಿ."

ಅಜ್ಜ ಟೇಪು ಸುತ್ತಿ ಜೇಬಿಗಿಟ್ಟರು. "ಆಯ್ತಪ್ಪಾ ಟೈಲರ್. ಇವತ್ತಿಗೆ ಸರಿಯಾಗಿ ಒಂದು ವರ್ಷ. ಗೊನೆ ತೋರಿಸಿದ್ರೆ ಮಣ್ಣು ನಿಮ್ದು, ನಾನಿರೋವರೆಗೂ ಈ ಕಡೆ ಗಾರೆ ಕರಣೆ ಹಿಡ್ಕೊಂಡು ಬರಲ್ಲ. ತೋರಿಸಲಿಲ್ಲ ಅಂದ್ರೆ ಮಾರನೇ ದಿನ ಬೆಳಿಗ್ಗೆ ಸಿಮೆಂಟು." ಅಷ್ಟಕ್ಕೇ ಬಿಡಲಿಲ್ಲ. ಅವತ್ತೇ ಮಧ್ಯಾಹ್ನ ಎರಡು ಮೂಟೆ ಸಿಮೆಂಟು ಇಳಿಸಿ ನಮ್ಮ ಮೆಟ್ಟಿಲ ಕೆಳಗೆ ಇಡಿಸಿದರು. "ಸಾಕ್ಷಿಗಿರ್ಲಿ," ಎಂದರು.

ಅವರು ಹೋದ ಮೇಲೆ ನನ್ನ ಹೆಂಡತಿ ಕೇಳಿದಳು. "ನಿಮ್ಮ ವಂಶದವರು ಯಾವಾಗ್ರೀ ಬಾಳೆ ಬೆಳೆದಿದ್ದು?"

"ಅದೇ, ಹಿಂದೆ."

"ನಿಮ್ಮಪ್ಪ ಬಾಳೆಹಣ್ಣಿನ ಸಿಪ್ಪೆ ಮೇಲೆ ಕಾಲಿಟ್ಟು ಜಾರಿ ಬಿದ್ದಿದ್ರು. ನಂಗೆ ಗೊತ್ತಿರೋದು ಅಷ್ಟೇ."

ನಮ್ಮ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಹಣ್ಣು ಮಾರುವ ಹಣ್ಣಿನಕ್ಕ ಇಲ್ಲದಿದ್ದರೆ ನನ್ನ ಮಾನ ಅವತ್ತೇ ಸಿಮೆಂಟಾಗುತ್ತಿತ್ತು. ಅವರ ತಂಗಿಗೆ ಊರಾಚೆ ಬಾಳೆತೋಟವಿದೆ. ವಿಷಯ ಕೇಳಿ ಗಾಡಿ ಹಿಡಿದುಕೊಂಡೇ ಅಕ್ಕ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಮೂರನೇ ದಿನ ಗೋಣಿಯಲ್ಲಿ ಸುತ್ತಿದ ಎರಡು ಬಾಳೆ ಕಂದುಗಳನ್ನು ತಂದು ನನ್ನ ಕತ್ತರಿಸುವ ಮೇಜಿನ ಮೇಲೆಯೇ ಇಟ್ಟರು. ಒಂದರ ಎಲೆ ಅಗಲವಾಗಿ, ನುಣ್ಣಗೆ, ಮದುವೆಗೆ ಹೊರಟಂತಿತ್ತು. ಇನ್ನೊಂದು ಬಡಕಲು, ಅದರ ಎಲೆಗಳು ಕತ್ತಿಯ ಅಲಗಿನ ಹಾಗೆ ಕಿರಿದು.

"ಯಾವುದು ಬೇಕು ಟೈಲರಣ್ಣಾ?"

ನಾನು ಮುಟ್ಟಿದರೆ ಸಾಕು, ಬಟ್ಟೆ ಎಷ್ಟು ವರ್ಷ ಬಾಳುತ್ತದೆಂದು ಹೇಳುವವನು. ಅಗಲ ಎಲೆಯದನ್ನು ಎತ್ತಿಕೊಂಡೆ.

"ಗೊತ್ತಿತ್ತು," ಎಂದರು ಅಕ್ಕ. "ಮೇಲಿನ ಜರಿ ನೋಡಿ ಮರುಳಾದ್ರಿ. ಕೆಳಗೆ ನೋಡಿ, ಗೆಡ್ಡೆ ಎಲ್ಲಿದೆ? ಇದು ತಾಯಿ ಕೊಟ್ಟಿದ್ದು ತಿಂದ್ಕೊಂಡು ಎಲೆ ಬಿಟ್ಕೊಂಡು ಓಡಾಡೋ ಜಾತಿ. ಆ ಬಡಕಲು ಇದೆಯಲ್ಲ, ಅದರ ಬುಡ ನೋಡಿ."

ಬಡಕಲಿನ ಬುಡದಲ್ಲಿ ಮಗುವಿನ ತಲೆಯಷ್ಟು ಗೆಡ್ಡೆಯಿತ್ತು. ನನ್ನ ಹೆಂಡತಿ ಆಗಲೇ ಅದನ್ನು ಎತ್ತಿ ಸೊಂಟದ ಮೇಲೆ ಕೂರಿಸಿಕೊಂಡಾಗಿತ್ತು.

ಬಿಸಿಲು ಹೆಚ್ಚು ಹೊತ್ತು ಬೀಳುವ ಜಾಗ ಯಾವುದೆಂದು ಅವಳಿಗೆ ಗೊತ್ತಿತ್ತು. ದಿನವೂ ಸ್ಟೂಲನ್ನು ಬಿಸಿಲಿನಿಂದ ನೆರಳಿಗೆ ಎಳೆದುಕೊಳ್ಳುವವಳು ಅವಳೇ ತಾನೆ. ಗೋಡೆಯಿಂದ ನಾಲ್ಕಡಿ ಬಿಟ್ಟು ಗುಂಡಿ ತೋಡಿದೆ. ಮೊಳದುದ್ದ ಆಳ ಸಾಕು ಎಂದಿದ್ದರು ಅಕ್ಕ. ನಾನು ತೋಡಿದ ರಭಸಕ್ಕೆ ಭೂಮಿಯ ಆಚೆ ಬದಿಯವರು ಕೆಳಗೆ ಯಾರು ಎಂದು ಕೂಗಿದರು. ಹಳೇ ಗೊಬ್ಬರ, ಒಂದಿಷ್ಟು ಬೂದಿ, ಮೇಲ್ಮಣ್ಣು ಕಲಸಿ ತುಂಬಿ, ಗೆಡ್ಡೆ ಮುಚ್ಚುವಷ್ಟು ಮಣ್ಣೆಳೆದು, ಕಾಲಿನಿಂದ ಒತ್ತಿ ನಿಲ್ಲಿಸಿದೆವು. ಹತ್ತು ದಿನ ಆ ಕಡ್ಡಿ ಕಡ್ಡಿಯಾಗಿಯೇ ನಿಂತಿತ್ತು. ಹನ್ನೊಂದನೇ ದಿನ ನಡುವಿನಿಂದ ಒಂದು ಸುರುಳಿ ಹೊರಬಂತು. ಹೊಸ ಬಟ್ಟೆಯ ಥಾನಿನ ಹಾಗೆ ಬಿಗಿಯಾಗಿ ಸುತ್ತಿದ ಎಳೆ ಹಸಿರು. ಮಾರನೇ ದಿನ ಅದು ಬಿಚ್ಚಿಕೊಂಡಾಗ ನಾನು ಕುಣಿದ ಕುಣಿತಕ್ಕೆ ಗಿರಾಕಿಯೊಬ್ಬರ ಪ್ಯಾಂಟಿನ ಒಂದು ಕಾಲು ಇನ್ನೊಂದಕ್ಕಿಂತ ಉದ್ದವಾಯಿತು.

ಖುಷಿ ಹೆಚ್ಚಾಗಿ ನೀರೂ ಹೆಚ್ಚಾಯಿತು. ಬೆಳಿಗ್ಗೆ ನಾಲ್ಕು ಬಕೆಟ್, ಸಂಜೆ ನಾಲ್ಕು. ಹಿತ್ತಲಲ್ಲಿ ಹಡಗು ಬಿಡಬಹುದಿತ್ತು. ನೀರು ಮೆಟ್ಟಿಲ ಕೆಳಗೆಲ್ಲ ಹರಿದು ನಿಂತಿತು. ತಿಂಗಳು ಕಳೆಯುವುದರೊಳಗೆ ಕೆಳಗಿನ ಎಲೆ ಹಳದಿಯಾಗಿ, ಬುಡದಲ್ಲಿ ಹುಳಿ ವಾಸನೆ ಬಂತು.

"ಬಾಯಾರಿಕೆ ಇರ್ಬೇಕು," ಎಂದು ನಾನು ಐದನೇ ಬಕೆಟ್ ತಂದೆ.

ಹಣ್ಣಿನಕ್ಕ ನನ್ನ ಕೈಯಿಂದ ಬಕೆಟ್ ಕಿತ್ತುಕೊಂಡರು. "ನಿಮ್ಮನ್ನ ಕತ್ತಿನವರೆಗೂ ನೀರಲ್ಲಿ ನಿಲ್ಲಿಸಿ ನೀರು ಕುಡಿಸ್ಲಾ? ಬೆರಳು ಹಾಕಿ ನೋಡ್ರೀ ಮಣ್ಣಿಗೆ. ಎರಡು ಗೆಣ್ಣು ಒಣಗಿದ್ರೆ ನೀರು, ಇಲ್ಲಾಂದ್ರೆ ಇಲ್ಲ."

ಅಂದಿನಿಂದ ನೀರಿನ ಅಧಿಕಾರ ನನ್ನ ಹೆಂಡತಿಗೆ ಹೋಯಿತು. ಸೂಜಿ ಹಿಡಿಯುವ ಬೆರಳನ್ನೇ ಮಣ್ಣಿಗೆ ಚುಚ್ಚಿ ನೋಡುತ್ತಿದ್ದಳು. ನೀರು ಹರಿದುಹೋಗಲು ಒಂದು ಕಾಲುವೆ ತೋಡಿದೆ. ಒಣಗಿದ ಎಲೆಗಳನ್ನು ಬುಡಕ್ಕೇ ಹೊದಿಸಿದೆವು. ಗಿಡ ಹಳದಿ ಬಿಟ್ಟು ಹಸಿರಿಗೆ ಬಂತು.

ಅಲ್ಲಿಂದ ಮುಂದೆ ಅದು ಬೆಳೆದದ್ದನ್ನು ಹೇಳಿದರೆ ನೀವು ನಂಬುವುದಿಲ್ಲ, ನಾನು ಹೇಳದೆ ಬಿಡುವುದೂ ಇಲ್ಲ. ವಾರಕ್ಕೊಂದು ಎಲೆ. ಬೆಳಿಗ್ಗೆ ಬಾಗಿಲು ತೆಗೆದರೆ ಗಿಡವೇ ನಮಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿಯುತ್ತಿತ್ತು. ನಾನು ಆರ್ಡರ್ ಪುಸ್ತಕದಲ್ಲಿ ಅದಕ್ಕೊಂದು ಹಾಳೆ ತೆಗೆದೆ. ಪ್ರತಿ ಸೋಮವಾರ ಟೇಪು ಹಿಡಿದು ಅಳತೆ: ಎತ್ತರ, ಸೊಂಟ, ಎಲೆಯ ಉದ್ದ, ಎಲೆಯ ಅಗಲ. ಗಿರಾಕಿಗಳು ಕೋಟಿನ ಅಳತೆ ಕೊಡಲು ಬಂದವರು ಹಿತ್ತಲಿಗೆ ಹೋಗಿ ಗಿಡದ ಪಕ್ಕ ನಿಂತು, "ಹೋದ ಸಲ ನನ್ನ ಭುಜಕ್ಕಿತ್ತು," ಎಂದು ಬಾಯಿ ಬಿಡುತ್ತಿದ್ದರು. ಬುಡದ ಸುತ್ತ ಆರು ಮರಿ ಎದ್ದವು. ಆರನ್ನೂ ಉಳಿಸಿಕೊಂಡು ತೋಟ ಮಾಡುತ್ತೇನೆಂದು ನಾನು ಎದೆ ಉಬ್ಬಿಸಿದೆ. "ಒಂದು ತಟ್ಟೆ ಊಟಕ್ಕೆ ಏಳು ಜನ ಕೂರಿಸ್ಬೇಡಿ," ಎಂದು ಹಣ್ಣಿನಕ್ಕ ಒಂದನ್ನು ಬಿಟ್ಟು ಉಳಿದವನ್ನು ಕಡಿಸಿದರು.

ಅಜ್ಜ ವಾರಕ್ಕೊಮ್ಮೆ ಮೆಟ್ಟಿಲ ಮೇಲೆ ನಿಂತು ನೋಡಿ ಹೋಗುತ್ತಿದ್ದರು. ಅವರಿಗೆ ಹೊಗಳುವ ಮನಸ್ಸಿರಲಿಲ್ಲ, ಬೈಯಲು ಕಾರಣವಿರಲಿಲ್ಲ. "ಎಲೆ ಸರಿ. ಎಲೆ ತೂಗಿದ್ರೆ ಗೊನೆ ಆಗುತ್ತಾ?" ಎಂದು ಗೊಣಗಿ ಇಳಿಯುತ್ತಿದ್ದರು.

ಹತ್ತನೇ ತಿಂಗಳಿಗೆ ಗಾಳಿ ಶುರುವಾಯಿತು. ಗಾಳಿಯೆಂದರೆ, ಬೀದಿಯ ನಾಯಿಗಳ ಬೊಗಳಿಕೆ ಮೂರು ಮನೆ ದಾಟಿ ಬೀಳುವಂಥ ಗಾಳಿ. ಒಂದು ವಾರದಲ್ಲಿ ನನ್ನ ರೇಷ್ಮೆಯಂಥ ಎಲೆಗಳು ಅಂಚಿನಿಂದ ನಡುದಿಂಡಿನವರೆಗೆ ಸೀಳಿ ಸೀಳಿ ಹೋದವು. ಆ ಗಾಯಕ್ಕೆ ಅಜ್ಜ ಮೆಟ್ಟಿಲ ಮೇಲೆ ನಿಂತು ಉಪ್ಪು ಸುರಿದರು.

"ಏನಪ್ಪಾ, ಟೈಲರ್ ಮನೆ ಗಿಡ ಹರಕು ಅಂಗಿ ಹಾಕ್ಕೊಂಡು ನಿಂತಿದೆ. ಜನ ನೋಡಿದ್ರೆ ನಿನ್ನ ಕೆಲಸದ ಬಗ್ಗೆ ಏನಂತಾರೆ?"

ನನ್ನನ್ನು ಏನು ಬೇಕಾದರೂ ಅನ್ನಿ. ಸುಳ್ಳ ಅನ್ನಿ, ಬಡಾಯಿ ಅನ್ನಿ. ನನ್ನ ಕಣ್ಣೆದುರು ಹರಕು ಇದೆ ಅನ್ನಬೇಡಿ.

ಹಣ್ಣಿನಕ್ಕ ತಂಗಿಯ ಮಗಳ ಬಾಣಂತನಕ್ಕೆಂದು ತೋಟಕ್ಕೆ ಹೋಗಿದ್ದರು. ಕೇಳುವವರಿರಲಿಲ್ಲ, ತಡೆಯುವವರೂ ಇರಲಿಲ್ಲ. ಮಾರನೇ ದಿನ ಅಂಗಡಿಗೆ ರಜೆ ಹಾಕಿ, ಏಣಿ ಹತ್ತಿ, ಎಲೆ ಹೊಲಿಯಲು ಕೂತೆ. ಎಲೆಯ ಬಣ್ಣಕ್ಕೇ ಒಪ್ಪುವ ನೈಲಾನ್ ದಾರ. ಸೀಳಿನ ಹಿಂದೆ ಕಾಲರಿಗೆ ಹಾಕುವ ಬಕ್ರಂ ಪಟ್ಟಿ. ಇಲ್ಲದಿದ್ದರೆ ದಾರ ಎಲೆಯನ್ನೇ ಕೊಯ್ದುಬಿಡುತ್ತದೆ. ಸಣ್ಣ ಸಣ್ಣ ಹೊಲಿಗೆ, ಎಳೆದೂ ಎಳೆಯದ ಹಾಗೆ. ಎರಡು ದಿನದಲ್ಲಿ ಒಂಬತ್ತು ಎಲೆ, ನೂರ ನಲವತ್ತು ಸೀಳು. ನನ್ನ ಜೀವಮಾನದಲ್ಲಿ ಅಷ್ಟು ಅಂದವಾದ ಕೆಲಸ ಮಾಡಿರಲಿಲ್ಲ. ಎದುರಿನ ಬೀದಿಯ ಟೈಲರ್ ಬಂದು ನೋಡಿ ಹೋಗಿ, ತನ್ನ ಅಂಗಡಿಯನ್ನು ಮಧ್ಯಾಹ್ನಕ್ಕೇ ಮುಚ್ಚಿದ. ಬೀದಿಗೆ ಬೀದಿಯೇ ಹಿತ್ತಲಲ್ಲಿ ತುಂಬಿತ್ತು.

ನನ್ನ ಹೆಂಡತಿ ಮಾತ್ರ ಸ್ಟೂಲಿನ ಮೇಲೆ ಕೂತು ಮೇಲೆ ನೋಡುತ್ತಿದ್ದಳು. "ರೀ, ತೋಟದಲ್ಲಿ ಯಾರೂ ಹೊಲಿಯಲ್ವಲ್ಲ."

"ತೋಟದಲ್ಲಿ ನನ್ನಂಥ ಟೈಲರ್ ಇಲ್ಲ ಕಣೇ."

"ಹರಿದಾಗ ಅಲ್ಲಾಡ್ತಾ ಇರ್ಲಿಲ್ಲ. ಈಗ ನೋಡಿ, ಇಡೀ ಗಿಡ ಅಲ್ಲಾಡ್ತಿದೆ."

ಅದನ್ನು ನಾನು ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಏಣಿಯ ಮೇಲಿದ್ದವನಿಗೆ ಕೆಳಗಿನವರ ಮಾತು ಕೇಳಿಸುವುದಾದರೂ ಹೇಗೆ.

ಮೂರನೇ ದಿನ ಮಧ್ಯಾಹ್ನ ಗಾಳಿ ದಿಕ್ಕು ಬದಲಿಸಿ ಮೊಳಕಾಲೆತ್ತರದ ಗೋಡೆಯ ಮೇಲಿಂದ ನೇರ ಹಿತ್ತಲಿಗೆ ನುಗ್ಗಿತು. ನಾನು ಒಳಗೆ ಮಿಷನ್ ತುಳಿಯುತ್ತಿದ್ದೆ. ಹೊರಗೆ ಹಡಗಿನ ಹಾಯಿ ಬಡಿದಂತೆ ಢಬ್ ಎಂದು ಸದ್ದಾಯಿತು. ಅದರ ಹಿಂದೆಯೇ ಮಣ್ಣು ಬಿರಿದ ಸದ್ದು.

ಹೋಗಿ ನೋಡಿದೆ. ಒಂಬತ್ತು ಎಲೆ, ಒಂದೂ ಸೀಳಿಲ್ಲದೆ, ಗಾಳಿಯನ್ನು ಹೊಟ್ಟೆ ತುಂಬ ಹಿಡಿದುಕೊಂಡು ಉಬ್ಬಿದ್ದವು. ಗಿಡ ಬಾಗಿ ಬಾಗಿ ಎದುರು ಗೋಡೆಯ ಕಡೆ ಒರಗುತ್ತಿತ್ತು. ಬುಡದ ಒಂದು ಪಕ್ಕ ಮಣ್ಣು ಎದ್ದು, ಬಿಳಿ ಬೇರುಗಳು ಹೊರಗೆ ಕಾಣುತ್ತಿದ್ದವು. ನಾನು ಓಡಿ ಕಾಂಡವನ್ನು ತಬ್ಬಿ ಹಿಡಿದೆ. ಅದು ನನ್ನನ್ನೂ ಸೇರಿಸಿಕೊಂಡು ಬಾಗಿತು.

"ಬಿಚ್ರೀ," ಎಂದಳು ನನ್ನ ಹೆಂಡತಿ. ಆಗಲೇ ಏಣಿ ತಂದು ಹತ್ತಿದ್ದಳು. ಕೈಯಲ್ಲಿ ಕಾಜಾ ಬಿಡಿಸುವ ಬ್ಲೇಡಿತ್ತು.

"ಏನು ಬಿಚ್ಲಿ?"

"ಗಿಡ ಬಿಡ್ಬೇಡಿ, ಹಿಡ್ಕೊಳ್ಳಿ. ಹೊಲಿಗೆ ನಾನು ಬಿಚ್ತೀನಿ. ಅದಕ್ಕೆ ಹರಿದಿರೋದೇ ಬೇಕಾಗಿತ್ತು ಕಣ್ರೀ. ಗಾಳಿ ಆ ಸೀಳಲ್ಲಿ ದಾಟಿ ಹೋಗ್ತಿತ್ತು. ನೀವು ಬಾಗಿಲೆಲ್ಲ ಮುಚ್ಚಿಟ್ರಿ."

ಹೇಳುತ್ತಲೇ ಮೊದಲ ಎಲೆಯ ಹೊಲಿಗೆಯನ್ನು ಅಂಚಿನಿಂದ ದಿಂಡಿನವರೆಗೆ ಸರ್ರೆಂದು ಕೊಯ್ದಳು. ಎಲೆ ಪಟಪಟನೆ ಹತ್ತು ಪಟ್ಟಿಯಾಗಿ ಹಾರಾಡಿತು. ನನ್ನ ತೋಳಿನೊಳಗಿನ ಭಾರ ಒಂದು ಗುಲಗಂಜಿಯಷ್ಟು ಇಳಿಯಿತು. ಎರಡನೇ ಎಲೆ. ಮೂರನೇ ಎಲೆ. ನನ್ನ ಜೀವಮಾನದ ಅತ್ಯುತ್ತಮ ಹೊಲಿಗೆಯನ್ನು ನನ್ನ ಹೆಂಡತಿ ನನ್ನ ತಲೆಯ ಮೇಲೆಯೇ ಹರಿದು ಹಾಕುತ್ತಿದ್ದಳು. ನಾನು ಕೆಳಗಿನಿಂದ, "ಇನ್ನೂ ಹರಿ, ಆ ಕಡೇದು ಹರಿ, ಬೇಗ ಹರಿ," ಎಂದು ಅರಚುತ್ತಿದ್ದೆ. ಬಕ್ರಂ ಪಟ್ಟಿಗಳು ಬೀದಿಯ ಮೇಲೆ ಹಾರಿದವು. ಒಂಬತ್ತನೇ ಎಲೆ ಸೀಳಿದಾಗ ಗಿಡ ಒಂದು ಉಸಿರು ಬಿಟ್ಟಂತೆ ನಿಂತಿತು. ನೆಟ್ಟಗಲ್ಲ, ಓರೆಯಾಗಿ. ಬಿಟ್ಟರೆ ಬೀಳುತ್ತಿತ್ತು.

"ಕವೆಗೋಲು ಕೊಡ್ಬೇಕು," ಎಂದು ಮೆಟ್ಟಿಲ ಮೇಲಿನಿಂದ ಧ್ವನಿ ಬಂತು. ಸಿಮೆಂಟಜ್ಜ. ಅವರು ಯಾವಾಗ ಬಂದು ನಿಂತಿದ್ದರೋ ಗೊತ್ತಿಲ್ಲ. "ಆ ಕಡೆಯಿಂದ ಅಲ್ಲ ಕಣೋ, ಬೀಳೋ ಕಡೆಯಿಂದ. ತಡಿ, ಅಲ್ಲಾಡ್ಬೇಡ."

ಗಿಡ ಬಿದ್ದರೆ ಹಿತ್ತಲು ಅವರದು. ಸುಮ್ಮನೆ ನಿಂತು ನೋಡಿದ್ದರೆ ಸಾಕಿತ್ತು. ಆದರೆ ನಲವತ್ತು ವರ್ಷ ಒಂದು ಗೋಡೆಯನ್ನೂ ಓರೆಯಾಗಿ ನಿಲ್ಲಲು ಬಿಡದ ಮನುಷ್ಯ. ಕಣ್ಣೆದುರು ಬೀಳುತ್ತಿರುವುದನ್ನು ನೋಡುತ್ತ ನಿಲ್ಲಲು ಅವರ ಕಾಲು ಒಪ್ಪಲಿಲ್ಲ. ಮನೆಗೆ ಓಡಿ, ಗಾರೆಯವರು ಹತ್ತಿ ನಿಲ್ಲುವ ಸಾರುವೆಗೆ ಕಟ್ಟುವ ಎರಡು ಉದ್ದ ಮರಗಳನ್ನು ಹೆಗಲ ಮೇಲೆ ಹೊತ್ತು ತಂದರು. ಕತ್ತರಿಯಂತೆ ಹೆಣೆದು, ತುದಿಗೆ ನನ್ನ ಹಳೇ ಕೋಟಿನ ಬಟ್ಟೆ ಸುತ್ತಿ, ಕಾಂಡಕ್ಕೆ ಆನಿಸಿದರು. ಬುಡದ ಮಣ್ಣು ಸಡಿಲ. ಮರದ ಕಾಲು ಜಾರಿತು.

"ಕಾಲಿಗೆ ಏನಾದ್ರೂ ಭಾರ ಕೊಡಿ. ಕಲ್ಲಿದೆಯಾ?"

"ಕಲ್ಲೆಲ್ಲಿಂದ ಬರ್ಬೇಕು ಅಜ್ಜಾ," ಎಂದೆ ನಾನು ಗಿಡವನ್ನು ತಬ್ಬಿಕೊಂಡೇ.

ಅವರ ಕಣ್ಣು ಮೆಟ್ಟಿಲ ಕೆಳಗೆ ಹೋಯಿತು. ಒಂದು ಕ್ಷಣ ತಡೆದರು. ಆಮೇಲೆ ತಾವೇ ಹೋಗಿ ಒಂದು ಮೂಟೆಯನ್ನು ಎಳೆದರು. ಮೂಟೆ ಮಿಸುಕಲಿಲ್ಲ. ಮತ್ತೆ ಎಳೆದರು. ಬಗ್ಗಿ, ಬೆರಳ ಗೆಣ್ಣಿನಿಂದ ತಟ್ಟಿದರು. ಟಣ್ ಎಂದಿತು. ಚೀಲ ಹರಿದು ನೋಡಿದರು. ನಾನು ಮೊದಲ ತಿಂಗಳು ಸುರಿದ ಎಂಟೆಂಟು ಬಕೆಟ್ ನೀರು ಅದರ ಕೆಳಗೆ ನಿಂತು, ಸಿಮೆಂಟು ಮೂಟೆಯ ಆಕಾರದಲ್ಲೇ ಬಂಡೆಯಾಗಿತ್ತು. ಎರಡನೆಯದೂ ಅಷ್ಟೇ.

"ನನ್ನ ಸಿಮೆಂಟು ಕಲ್ಲಾಯ್ತಲ್ಲೋ," ಎಂದರು. ಅವರ ಮುಖ ಹುಳ್ಳಗಾಗಿತ್ತು.

"ಅಜ್ಜಾ, ಅದು ಆಗ್ಬೇಕಾಗಿದ್ದೇ ಕಲ್ಲು ತಾನೆ," ಎಂದಳು ನನ್ನ ಹೆಂಡತಿ ಏಣಿಯ ಮೇಲಿನಿಂದ.

ಅಜ್ಜ ಅವಳನ್ನೇ ನೋಡಿದರು. ಆಮೇಲೆ ತುಟಿಯ ಕೊನೆಯಲ್ಲಿ ಏನೋ ಅಲ್ಲಾಡಿತು. ಮೂವರೂ ಸೇರಿ ಎರಡು ಬಂಡೆಗಳನ್ನೂ ಉರುಳಿಸಿ ಮರದ ಎರಡು ಕಾಲಿಗೆ ಒತ್ತಿಟ್ಟೆವು. ಎದ್ದ ಮಣ್ಣನ್ನು ತುಳಿದು ಕೂರಿಸಿದೆವು. ಗಿಡ ನಿಂತಿತು. ಹೋಗುವಾಗ ಅಜ್ಜ, "ಇನ್ನು ಐವತ್ತು ದಿನ ಇದೆ. ಮಾತು ಮಾತೇ," ಎಂದು ಬೆರಳು ತೋರಿಸಿ ಹೋದರು.

ಒಂದು ತಿಂಗಳು ಹೊಸ ಎಲೆ ಬಂತು, ಹರಿಯಿತು, ನಾನು ಸೂಜಿಯನ್ನು ಮುಟ್ಟಲಿಲ್ಲ. ಸೋಮವಾರದ ಅಳತೆ ಮಾತ್ರ ಬಿಡಲಿಲ್ಲ. ಗಡುವಿಗೆ ಹತ್ತು ದಿನವಿದೆ ಎನ್ನುವಾಗ ಬಂದ ಎಲೆಯನ್ನು ಎರಡೆರಡು ಸಲ ಅಳೆದೆ. ಉಳಿದ ಎಲೆಗಳೆಲ್ಲ ಅರುವತ್ತು, ಎಪ್ಪತ್ತು ಇಂಚು. ಇದು ಬರೀ ಹದಿನೆಂಟು. ಗಿಡದ ನೆತ್ತಿಯಲ್ಲಿ ಮಗುವಿನ ಟೋಪಿಯಂತೆ ನಿಂತಿತ್ತು. ಬೇರು ಹರಿದದ್ದಕ್ಕೆ ಗಿಡ ಕುಗ್ಗುತ್ತಿದೆ, ಇನ್ನು ಸಾಯುತ್ತದೆ ಎಂದುಕೊಂಡೆ. ಪುಸ್ತಕದಲ್ಲಿ ಹದಿನೆಂಟರ ಜಾಗದಲ್ಲಿ ಎಪ್ಪತ್ತೆರಡು ಎಂದು ಬರೆದೆ. ಜೀವನದಲ್ಲಿ ಖುಷಿಯಿಲ್ಲದೆ ಹೇಳಿದ ಒಂದೇ ಸುಳ್ಳು ಅದು.

ನನ್ನ ಹೆಂಡತಿ ಪುಸ್ತಕ ನೋಡಿದಳು, ಗಿಡ ನೋಡಿದಳು. "ಟ್ಯೂಬ್‌ಲೈಟ್ ಹೊಸದು ಹಾಕ್ಸಿ," ಎಂದಳು. "ಕಾದ ಸಿಮೆಂಟ್ ಮೇಲೆ ಕೂರೋಕಾಗಲ್ಲ. ಒಳಗೆ ಕೂತ್ಕೋಬೇಕಾದ್ರೆ ಬೇಕಾಗುತ್ತೆ." ಅಷ್ಟೇ. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಮಾರನೇ ದಿನ ಹಣ್ಣಿನಕ್ಕ ಬಂದರು. ಬಂದವರೇ ಹಿತ್ತಲಿಗೆ ನಡೆದು ಓರೆ ಗಿಡ ನೋಡಿದರು, ಸಿಮೆಂಟಿನ ಬಂಡೆ ನೋಡಿದರು, ಒಂದು ಎಲೆಯಲ್ಲಿ ಉಳಿದಿದ್ದ ದಾರದ ತುಣುಕು ನೋಡಿದರು.

"ಇದೇನಿದು?"

"ಹೊಲಿದಿದ್ರು," ಎಂದಳು ನನ್ನ ಹೆಂಡತಿ.

ಅಕ್ಕ ನಗಲು ಸ್ಟೂಲಿನ ಮೇಲೆ ಕೂತರು. ನಕ್ಕು ಮುಗಿಸಿ ಕಣ್ಣೊರೆಸಿಕೊಂಡು ಮೇಲೆ ನೋಡಿದವರು ಹಾಗೆಯೇ ಎದ್ದು ನಿಂತರು. "ಈ ಕುಳ್ಳ ಎಲೆ ಯಾವಾಗ ಬಂತು?"

"ನಿನ್ನೆ. ಅಕ್ಕಾ, ಉಳಿಯುತ್ತಾ?"

"ಉಳಿಯುತ್ತಾ ಅಂತ ಕೇಳ್ತೀರಲ್ಲ. ಗಿಡ ಬಾವುಟ ಹಾರಿಸಿದೆ, ಟೈಲರಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದಾರೆ. ಇದು ಕೊನೇ ಎಲೆ. ಗೊನೆ ಬರೋ ಮುಂಚೆ ಬರೋದೇ ಇದು. ಹೂವಿನ ಮೂತಿ ಒಳಗಿಂದ ಮೇಲೆ ಹತ್ತುತ್ತಾ ಇದೆ. ಕಾಂಡ ಮುಟ್ಟಿ ನೋಡಿ, ಕತ್ತು ಹೇಗೆ ದಪ್ಪ ಆಗಿದೆ."

ನಾನು ಟೇಪು ತಂದು ಅಳೆದೆ. ಕತ್ತು ಎರಡಿಂಚು ಹೆಚ್ಚಾಗಿತ್ತು. ಸೊಂಟ ಅಳೆಯುವ ಚಪಲದಲ್ಲಿ ಕತ್ತನ್ನು ಒಮ್ಮೆಯೂ ಅಳೆದಿರಲಿಲ್ಲ. ನಾನು, ಕಾಲರಿನ ಚಕ್ರವರ್ತಿ.

ಆ ಒಂಬತ್ತು ದಿನ ನಮ್ಮ ಅಂಗಡಿಯಲ್ಲಿ ಹೊಲಿದ ಯಾವ ಅಂಗಿಯೂ ಯಾರಿಗೂ ಸರಿಹೋಗಿರಲಾರದು. ಹತ್ತು ನಿಮಿಷಕ್ಕೊಮ್ಮೆ ಹಿಂದಿನ ಬಾಗಿಲಿಗೆ ಓಡುತ್ತಿದ್ದೆ. ಗಿರಾಕಿಗಳು ಬಟ್ಟೆ ಕೇಳುವುದನ್ನು ಬಿಟ್ಟು, "ಬಂತಾ?" ಎಂದೇ ಒಳಗೆ ಕಾಲಿಡುತ್ತಿದ್ದರು. ನನ್ನ ಹೆಂಡತಿ ಗುಂಡಿಗಳನ್ನು ತಿರುಗುಮುರುಗಾಗಿ ಕೂರಿಸಿ ಬಿಚ್ಚುತ್ತಿದ್ದಳು. ಅವಳು ಗುಂಡಿ ತಪ್ಪಿದ್ದನ್ನು ನಾನು ಮದುವೆಯಾದ ಮೇಲೆ ನೋಡಿದ್ದು ಅದೇ ಮೊದಲು.

ಗಡುವಿನ ಬೆಳಿಗ್ಗೆ ಅಜ್ಜ ಬಂದರು. ಕೈಯಲ್ಲಿ ಕರಣೆಯಿತ್ತು. ಹಿಂದೆ ಹೊಸ ಎರಡು ಮೂಟೆಯ ತಳ್ಳುಗಾಡಿ. ನಾನು ಬಾಗಿಲಿಗೆ ಅಡ್ಡ ನಿಂತು ಏನಾದರೂ ಕೊಚ್ಚೋಣವೆಂದು ಬಾಯಿ ತೆರೆದೆ. ಮೊದಲ ಸಲ ಒಳಗಿನಿಂದ ಏನೂ ಬರಲಿಲ್ಲ.

"ಅಜ್ಜಾ, ಈ ಕಡೆ ಬನ್ನಿ," ಎಂದು ಹಿತ್ತಲಿನಿಂದ ನನ್ನ ಹೆಂಡತಿ ಕರೆದಳು. ಅವಳು ಸ್ಟೂಲಿನ ಮೇಲೆ ಕೂತಿರಲಿಲ್ಲ, ಹತ್ತಿ ನಿಂತಿದ್ದಳು. ಮೇಲೆ ತೋರಿಸಿದಳು.

ಕುಳ್ಳ ಎಲೆಯ ಮಗ್ಗುಲಿನಿಂದ ನೇರಳೆ ಬಣ್ಣದ ಒಂದು ದಪ್ಪ ಮೂತಿ ಹೊರಬಂದು, ಕತ್ತು ಬಗ್ಗಿಸಿ, ಗಿಡ ಓರೆಯಾದ ಕಡೆಗೇ ನೆಲ ನೋಡುತ್ತಿತ್ತು. ಮೇಲಿನ ಒಂದು ಪೊರೆ ಆಗ ತಾನೇ ಎದ್ದಿತ್ತು. ಅದರ ಕೆಳಗೆ, ಬೆರಳು ಜೋಡಿಸಿಟ್ಟ ಹಾಗೆ, ಒಂದು ಸಾಲು ಎಳೆಗಾಯಿ.

ಅಜ್ಜ ಕರಣೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕತ್ತೆತ್ತಿ ಎಣಿಸಿದರು. "ಹದಿನಾಲ್ಕು."

"ನಲವತ್ತು," ಎಂದೆ ನಾನು. ಬಾಯಿ ಮತ್ತೆ ಬಂದಿತ್ತು.

"ಹದಿನಾಲ್ಕು ಅಜ್ಜಾ," ಎಂದಳು ನನ್ನ ಹೆಂಡತಿ. "ಇದನ್ನ ಗೊನೆ ಅಂತೀರಾ, ಇಲ್ವಾ? ನೀವೇ ಹೇಳಿ."

ಅಜ್ಜ ಗಿಡದ ಸುತ್ತ ಒಂದು ಸುತ್ತು ಬಂದರು. ತಮ್ಮದೇ ಮರಗಳನ್ನು ಅಲ್ಲಾಡಿಸಿ ನೋಡಿದರು. ತಮ್ಮದೇ ಬಂಡೆಗಳನ್ನು ಕಾಲಿನಿಂದ ಒತ್ತಿ ನೋಡಿದರು. "ಗೊನೆ ಭಾರ ಬಂದಾಗ ಈ ಕವೆಗೋಲು ಸಾಕಾಗಲ್ಲ. ಇನ್ನೊಂದು ಮರ ಬೇಕಾಗುತ್ತೆ. ತರ್ತೀನಿ." ಬಾಗಿಲವರೆಗೆ ಹೋದವರು ತಿರುಗಿ ನಿಂತರು. "ಮಣ್ಣು ನಿಮ್ದೇ ಕಣಮ್ಮಾ."

ಅವಳು ಸ್ಟೂಲಿನಿಂದ ಇಳಿದು ಅದರ ಮೇಲೆಯೇ ಕೂತಳು. ಚಪ್ಪಲಿ ಬಿಟ್ಟು ಕಾಲನ್ನು ಮಣ್ಣಿಗಿಟ್ಟಳು. ಸೂಜಿಗೆ ದಾರ ಪೋಣಿಸಿದಳು. ಒಂದೇ ಸಲಕ್ಕೆ ಹೋಯಿತು. ಅದನ್ನು ನಾನು ನೋಡಿದೆ, ನೋಡದವನ ಹಾಗೆ ಒಳಗೆ ಹೋದೆ.

ಮೂರು ತಿಂಗಳಿಗೆ ಗೊನೆ ಬಲಿಯಿತು. ಇಳಿಸಲು ಹನ್ನೆರಡು ಜನ ಬೇಕಾಯಿತು. ಅಜ್ಜ, ನಾನು, ಹಣ್ಣಿನಕ್ಕ ಮೂವರೇ ಇದ್ದೆವು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಆದರೆ ನಾನೊಬ್ಬನೇ ಹತ್ತು ಜನಕ್ಕೆ ಸಮ ಎಂಬುದನ್ನು ಅವಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದೊಂದು ಹಣ್ಣನ್ನು ತಿನ್ನಲು ಎರಡು ದಿನ ಹಿಡಿಯಿತು. ತಾಯಿಗಿಡ ಕಡಿದ ಜಾಗದಲ್ಲಿ ಉಳಿಸಿಕೊಂಡಿದ್ದ ಮರಿ ಈಗ ಎದ್ದು ನಿಂತಿದೆ. ನಾನು ಮೊದಲು ಹೇಳಿದ ನೆರಳು ಅದರದ್ದೇ. ಅದರ ಎಲೆಗಳು ಸಮೃದ್ಧವಾಗಿ ಹರಿದಿವೆ.

ಹೋದ ವಾರ ಬೆಳಿಗ್ಗೆ ಎದುರಿನ ಸಾಲಿನಿಂದ ಠಣ್ ಠಣ್ ಎಂದು ಸದ್ದು ಕೇಳಿಸಿತು. ಹೋಗಿ ನೋಡಿದರೆ ಸಿಮೆಂಟಜ್ಜ ತಮ್ಮ ಮನೆಯ ಮುಂದೆ ಹಾರೆ ಹಿಡಿದು, ನಲವತ್ತು ವರ್ಷದ ಹಿಂದೆ ತಾವೇ ಹಾಕಿದ ಕನ್ನಡಿಯಂಥ ಸಿಮೆಂಟನ್ನು ಒಡೆಯುತ್ತಿದ್ದರು. ಬೆವರು ಸುರಿಯುತ್ತಿತ್ತು. ಪಕ್ಕದಲ್ಲಿ ಗೋಣಿಯ ಮೇಲೆ ನಮ್ಮ ಹಿತ್ತಲಿನ ಒಂದು ಕಂದು. ಕತ್ತಿಯಂಥ ಎಲೆಯದು.

"ಎಂಥ ಕೆಲಸ ಮಾಡಿದ್ದೆ ಕಣೋ ನಾನು," ಎಂದರು ನನ್ನನ್ನು ನೋಡಿ, ಹೆಮ್ಮೆಯಿಂದಲೇ. "ಒಡೆಯೋಕೇ ಆಗ್ತಿಲ್ಲ."

"ಮೊಳದುದ್ದ ಆಳ ಸಾಕು ಅಜ್ಜಾ," ಎಂದು ಟೇಪು ಬಿಚ್ಚಿದೆ. "ನಾನಿದೀನಲ್ಲ. ನಮ್ಮ ವಂಶದವರೇ ತಾನೆ..."

"ರೀ," ಎಂದು ಬೀದಿಯಾಚೆಯಿಂದ ನನ್ನ ಹೆಂಡತಿ ಕೂಗಿದಳು. "ಅಳತೆ ಆಮೇಲೆ. ಹಾರೆ ಹಿಡೀರಿ."